ಹನುಮಂತ ಅಂದ್ರ ಎಷ್ಟು ಮಂದಿ?

"ಅಕ್ಕೋರ, ನಾ ಭತ್ತದ ಲೆಕ್ಕ ಕೇಳಿದ್ರ ಇದು ಸೇಬಿನ ಗಿಡ ಎಷ್ಟು ಎತ್ತರ ಅದ ಅಂತ ಹೇಳ್ಲಿಕತ್ತದ ನೋಡ್ರಿ."

ಫೋನಿನ ಆ ಕಡೆ ಅಂಗಡಿಯ ಲೆಕ್ಕ ಬರೆಯುವ ಮುನೀಮರು. ಏಪ್ರಿಲ್ ತಿಂಗಳ ಮಧ್ಯಾಹ್ನ. ರಾಯಚೂರಿನ ಬಿಸಿಲು ಕಂಡವರಿಗೆ ಗೊತ್ತು, ಆ ಹೊತ್ತಿಗೆ ಹಮಾಲರು ಕೂಡ ಚೀಲಗಳ ಮರೆಯಲ್ಲಿ ನೆರಳು ಹುಡುಕಿಕೊಂಡು ಒರಗಿರುತ್ತಾರೆ. ನಾನು ತೀನ್ ಕಂದೀಲ್ ಹತ್ತಿರ ಒಂದು ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಏಳೆಂಟು ಹಳೇ ಮಷೀನು, ಟ್ಯಾಲಿ, ಟೈಪಿಂಗ್, ಸ್ವಲ್ಪ ಎಕ್ಸೆಲ್. ಇಲ್ಲಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನ ಅಂಗಡಿಗಳಿಂದ ಆಗಾಗ ಇಂಥ ಫೋನ್ ಬರುತ್ತವೆ. ಪ್ರಿಂಟರ್ ಓಡುತ್ತಿಲ್ಲ, ಫೈಲ್ ಕಾಣಿಸುತ್ತಿಲ್ಲ, ಹೀಗೆ. ಸೇಬಿನ ಗಿಡದ ದೂರು ಬಂದದ್ದು ಅದೇ ಮೊದಲು.

ಹೋಗಿ ನೋಡಿದೆ. ಅದು ಅಡತ್ ಅಂಗಡಿ, ಅಂದರೆ ರೈತರ ಮಾಲನ್ನು ಮಾರಿಸಿಕೊಡುವ ದಲ್ಲಾಳಿ ಅಂಗಡಿ. ಸಾಹುಕಾರರ ಮಗ ಹೈದರಾಬಾದಿಗೆ ಕೆಲಸಕ್ಕೆ ಹೋಗುವ ಮುಂಚೆ ಎಕ್ಸೆಲ್‌ನಲ್ಲಿ ಒಂದು ಹಾಳೆ ಮಾಡಿಕೊಟ್ಟಿದ್ದ. ತಾರೀಖು, ರೈತರ ಹೆಸರು, ಊರು, ಮಾಲು, ಚೀಲ, ಮುಂಗಡ ಎಂದು ಆರು ಖಾನೆ. ಬಲಗಡೆ ಅದೇ ತಲೆಬರಹಗಳಿದ್ದ ಒಂದು ಪುಟ್ಟ ಪಟ್ಟಿ, ಅದರಡಿ ಹಳದಿ ಬಣ್ಣದ ಒಂದು ಮನೆ (ಸೆಲ್). ಪುಟ್ಟ ಪಟ್ಟಿಯಲ್ಲಿ ರೈತನ ಹೆಸರು ಹೊಡೆದರೆ ಹಳದಿ ಮನೆಯಲ್ಲಿ ಅವನ ಚೀಲಗಳ ಮೊತ್ತ ಬರುತ್ತಿತ್ತು. ಮುನೀಮರಿಗೆ 60 ದಾಟಿದೆ. ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕದಲ್ಲಿ ದಿನದ ಲೆಕ್ಕದ ಕಿರ್ದಿ ಬರೆದು, ಅದನ್ನು ಒಬ್ಬೊಬ್ಬರ ಹೆಸರಿನ ಖತಾವಣಿಗೆ ಇಳಿಸಿ ಪಳಗಿದ ಕೈ. ಕಂಪ್ಯೂಟರ್ ಬಂದರೂ ಕೆಂಪು ಪುಸ್ತಕ ಬಿಟ್ಟಿಲ್ಲ, ಎರಡರಲ್ಲೂ ಬರೆಯುತ್ತಾರೆ. ಆದರೆ ಆ ಹಳದಿ ಮನೆಯ ಮೇಲೆ ಅವರಿಗೆ ವಿಚಿತ್ರ ಪ್ರೀತಿ. "ಕೇಳಿದ್ದಕ್ಕ ತಟ್ಟನ ಹೇಳ್ತದ್ರಿ, ಹೊಳ್ಳಿ ಮಾತಾಡಂಗಿಲ್ಲ" ಅನ್ನುತ್ತಿದ್ದರು.

ಆವತ್ತು ಅದು ಹೊಳ್ಳಿ ಮಾತಾಡಿತ್ತು. ಒಬ್ಬ ರೈತನ ಹೆಸರಿಗೆ 4,318 ಚೀಲ ಎಂದು ತೋರಿಸಿತ್ತು. "ಇಷ್ಟು ಚೀಲ ಬೆಳೆದಿದ್ರ ಅಂವ ಗಂಜಿಗೆ ಯಾಕ ಬರ್ತಿದ್ದ, ಗಂಜೇ ಕೊಂಡ್ಕೋತಿದ್ದ" ಎಂದು ನಕ್ಕು, ಹಳದಿ ಮನೆಯೊಳಗೆ ಏನಿದೆ ಎಂದು ನೋಡಲು ಹೋಗಿ, ಡಿಸಮ್ (DSUM) ಎಂಬ ಫಂಕ್ಷನ್ನಿನ, ಅಂದರೆ ಸಿದ್ಧ ಸೂತ್ರದ, ಹೆಸರು ಕಂಡು, ಹೆಲ್ಪ್ ಒತ್ತಿ, ಬಂದ ಇಂಗ್ಲಿಷ್ ಪುಟವನ್ನು ಅಂಗಡಿಯ ಹುಡುಗನ ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ಓದಿದ್ದರು. ಅಲ್ಲಿ ಸೇಬಿನ ಗಿಡ ಸಿಕ್ಕಿತ್ತು.

ಮೈಕ್ರೋಸಾಫ್ಟ್‌ನವರು ಈ ಜಾತಿಯ ಫಂಕ್ಷನ್‌ಗಳಿಗೆ ಕೊಡುವ ಉದಾಹರಣೆ ಒಂದು ಹಣ್ಣಿನ ತೋಟ. ಸೇಬು, ಪೇರ್, ಚೆರ್ರಿ. ಗಿಡದ ಎತ್ತರ, ವಯಸ್ಸು, ಇಳುವರಿ, ಲಾಭ. ಹತ್ತಕ್ಕಿಂತ ಎತ್ತರದ ಸೇಬಿನ ಗಿಡಗಳ ಲಾಭವೆಷ್ಟು ಎಂಬಂಥ ಪ್ರಶ್ನೆಗಳು. ರಾಯಚೂರಿನವರು ಸೇಬು ನೋಡುವುದು ತಳ್ಳುಗಾಡಿಯ ಮೇಲೆ, ಸ್ಟಿಕರ್ ಸಮೇತ. ನಾನು ಕ್ಲಾಸಿನಲ್ಲಿ ಬಳಸುವುದು ಎಕ್ಸೆಲ್ ಥರದ್ದೇ ಕೆಲಸ ಮಾಡುವ, ದುಡ್ಡು ಕೇಳದ ಲಿಬ್ರೆ ಆಫೀಸ್. ಅದರ ಹಳೆಯ ಹೆಲ್ಪ್ ಪುಟಗಳ ಉದಾಹರಣೆ ಇನ್ನೂ ಮಜಾ: ಒಬ್ಬ ಹುಡುಗನ ಹುಟ್ಟುಹಬ್ಬಕ್ಕೆ ಕರೆದ ಮಕ್ಕಳ ಪಟ್ಟಿ. ಹೆಸರು, ತರಗತಿ, ವಯಸ್ಸು, ಶಾಲೆಗೆ ಎಷ್ಟು ದೂರ, ಮತ್ತೆ ತೂಕ. ಹುಟ್ಟುಹಬ್ಬಕ್ಕೆ ಕರೆದ ಮಕ್ಕಳನ್ನು ಯಾರು ತೂಗುತ್ತಾರೋ!

ನಗುವುದು ಸುಲಭ. ಬರೆದವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಲೋಕಕ್ಕೆಲ್ಲ ಒಂದೇ ಉದಾಹರಣೆ ಕೊಡಬೇಕು ಎಂದಾಗ ಯಾರದೂ ಅಲ್ಲದ ತೋಟ ಹುಟ್ಟುತ್ತದೆ. ಆದರೆ ಮುನೀಮರ ದೂರಿನೊಳಗೆ ಸೇಬಿಗಿಂತ ದೊಡ್ಡ ದೂರು ಒಂದಿತ್ತು. ಅದು ನನಗೆ ಹೊಳೆಯಲು ಒಂದು ತಿಂಗಳು ಬೇಕಾಯಿತು, ಒಂದು ತಪ್ಪೂ ಆಗಬೇಕಾಯಿತು. ಆ ತಪ್ಪು ನನ್ನದೇ.

ಮೊದಲು ಡಿಸಮ್‌ನ ಈ ಡಿ ಏನು ಅಂತ ಹೇಳಿಬಿಡುತ್ತೇನೆ. ಮುನೀಮರು ಅದನ್ನು ದಿನ ಅಂದುಕೊಂಡಿದ್ದರು. ಡಿಸಮ್ ಎಂದರೆ ದಿನದ ಮೊತ್ತ. ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ, ಅಷ್ಟು ಚೆನ್ನಾಗಿ ಕೂಡಿಬಂದಿತ್ತು. ಅದು ಡೇಟಾಬೇಸ್‌ನ, ಅಂದರೆ ಸಾಲು-ಖಾನೆಗಳಲ್ಲಿ ಜೋಡಿಸಿಟ್ಟ ಮಾಹಿತಿಯ, ಡಿ. ಡಿಸಮ್, ಡಿಕೌಂಟ್, ಡಿಆವರೇಜ್, ಡಿಮ್ಯಾಕ್ಸ್, ಡಿಗೆಟ್ ಎಂದು ಒಟ್ಟು 12 ಇವೆ. ಇವು ಹೊಸವೂ ಅಲ್ಲ. 1983ರಲ್ಲಿ ಬಂದ, ಎಕ್ಸೆಲ್ ಥರದ ಲೋಟಸ್ 1-2-3 ಪ್ರೋಗ್ರಾಂನಲ್ಲೇ ಇವುಗಳ ಹಿರಿಯರಿದ್ದರು. ಹನ್ನೆರಡಕ್ಕೂ ಮೂರೇ ಮಾತು ಹೇಳಬೇಕು: ಯಾವ ಪುಸ್ತಕ ನೋಡಲಿ, ಯಾವ ಖಾನೆ ಲೆಕ್ಕ ಹಿಡಿಯಲಿ, ಯಾರದ್ದು ಆರಿಸಲಿ. ಮೂರನೆಯದೇ ಆ ಬಲಗಡೆಯ ಪುಟ್ಟ ಪಟ್ಟಿ. ಇಂಗ್ಲಿಷಿನಲ್ಲಿ ಅದನ್ನು ಕ್ರೈಟೀರಿಯಾ ಅನ್ನುತ್ತಾರೆ.

ಈಗಿನವರು ಇದನ್ನು ಬಳಸುವುದು ಕಡಿಮೆ. 2007ರ ಎಕ್ಸೆಲ್‌ನಲ್ಲಿ, ಷರತ್ತಿಗೆ ಹೊಂದಿದ ಸಾಲುಗಳನ್ನಷ್ಟೇ ಕೂಡುವ ಸಮ್‌ಇಫ್ಸ್ ಬಂದಮೇಲೆ ಎಲ್ಲರೂ ಅತ್ತ ಸರಿದರು. ನಾನೂ ಕ್ಲಾಸಿನಲ್ಲಿ ಅದನ್ನೇ ಕಲಿಸುತ್ತೇನೆ. ಆದರೆ ಮುನೀಮರು ಸಮ್‌ಇಫ್ಸ್ ಒಪ್ಪಲಿಲ್ಲ, ಅವರ ಕಾರಣ ಕೇಳಿ ನಾನು ಸುಮ್ಮನಾದೆ. ಸಮ್‌ಇಫ್ಸ್‌ನಲ್ಲಿ ಪ್ರಶ್ನೆ ಫಾರ್ಮುಲಾದ ಹೊಟ್ಟೆಯೊಳಗಿರುತ್ತದೆ. ಡಿಸಮ್‌ನಲ್ಲಿ ಪ್ರಶ್ನೆ ಹೊರಗೆ, ಕಣ್ಣೆದುರಿಗೆ, ತಲೆಬರಹ ಸಮೇತ ಕೂತಿರುತ್ತದೆ. "ಒಳಗಿಂದು ಮುಟ್ಟಂಗಿಲ್ಲಲ್ರಿ, ಹೊರಗ ಚೀಟಿ ಬದಲಿ ಮಾಡಿದ್ರ ಆತು. ಸಾಹುಕಾರ್ರು ಬಂದು ನೋಡಿದ್ರೂ ನಾ ಏನು ಕೇಳೀನಿ ಅಂತ ಅವರಿಗೆ ಕಾಣ್ತದ."

ಚೀಟಿ. ಆ ಮಾತು ಅವರದು. ಆಮೇಲೆ ನಾನು ಬರೆದ ಹಾಳೆಯೆಲ್ಲ ಆ ಮಾತಿನ ಮೇಲೇ ನಿಂತಿತು.

4,318ರ ಗುಟ್ಟು ಸಣ್ಣದು. ಸಾಹುಕಾರರ ಮಗ ಚೀಟಿಯಲ್ಲಿ ತಲೆಬರಹದ ಕೆಳಗೆ ಎರಡು ಸಾಲು ಇಟ್ಟಿದ್ದ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬರೆದ ಷರತ್ತುಗಳೆಲ್ಲ ಒಟ್ಟಿಗೆ ಕೂಡಬೇಕು: ಈ ಹೆಸರೂ ಆಗಿರಬೇಕು, ಈ ಊರೂ ಆಗಿರಬೇಕು. ಮೇಲೆ ಕೆಳಗೆ ಬರೆದರೆ ಇದಾದರೂ ಸರಿ, ಅದಾದರೂ ಸರಿ. ಅವನು ಒಂದು ಸಾಲಿಗೆ ಸೋನಾ, ಇನ್ನೊಂದಕ್ಕೆ ಆರ್‌ಎನ್‌ಆರ್ ಎಂದು ಭತ್ತದ ಎರಡು ತಳಿ ಹಾಕುತ್ತಿದ್ದನಂತೆ. ಮುನೀಮರು ಬೇಡವೆಂದು ಎರಡನೇ ಸಾಲು ಅಳಿಸಿದ್ದರು. ಎಕ್ಸೆಲ್‌ನಲ್ಲಿ ಚೀಟಿಯ ಒಂದು ಸಾಲು ಪೂರಾ ಖಾಲಿ ಇದ್ದರೆ ಅದರ ಅರ್ಥ "ಯಾರಾದರೂ ಸರಿ" ಎಂದು. ಹಾಗಾಗಿ ಅದು ಅಂಗಡಿಗೆ ಬಂದ ಎಲ್ಲರ ಚೀಲವನ್ನೂ ಕೂಡಿ ಒಬ್ಬನ ತಲೆಗೆ ಕಟ್ಟಿತ್ತು.

ಸಂಜೆ ಚಹಾ ಕುಡಿಯುತ್ತ ಮುನೀಮರು ಕೇಳಿದರು, "ಇದು ಆ ಸೇಬಿನ ಪುಟದಾಗ ಬರ್ದಿಲ್ಲೇನ್ರಿ?" ಹುಡುಕಿದರೆ ಸಿಗುತ್ತದೆ ಎಂದೆ. "ಏನಂತ ಹುಡುಕ್ಬೇಕ್ರಿ?" ಎಂದರು. ಉತ್ತರ ಗೊತ್ತಿದ್ದವನಿಗೇ ಆ ಪ್ರಶ್ನೆಗೆ ಶಬ್ದ ಸಿಗುತ್ತದೆ, ಅಲ್ಲವೆ? ಖಾಲಿ ಸಾಲೇ ತಪ್ಪು ಎಂದು ಗೊತ್ತಿದ್ದರೆ ಅವರು ನನ್ನನ್ನು ಯಾಕೆ ಕರೆಯುತ್ತಿದ್ದರು.

ಒಂದು ಹಾಳೆ ಬರೆದುಕೊಡುತ್ತೇನೆ ಎಂದು ಬಾಯಿಬಿಟ್ಟೆ. ಕನ್ನಡದಲ್ಲಿ, ನಿಮ್ಮ ಲೆಕ್ಕದ್ದೇ ಉದಾಹರಣೆ ಹಾಕಿ.

ಮೊದಲ ಹಾಳೆ ಬರೆಯಲು ಎರಡು ದಿನ. ನನಗೇ ಹೆಮ್ಮೆಯಾಗಿತ್ತು. "ನಿರ್ದಿಷ್ಟಪಡಿಸಿದ ಮಾನದಂಡಗಳಿಗೆ ಹೊಂದುವ ದಾಖಲೆಗಳಲ್ಲಿನ ಆಯ್ದ ಕ್ಷೇತ್ರದ ಮೌಲ್ಯಗಳನ್ನು ಸಂಕಲಿಸುತ್ತದೆ" ಎಂದು ಶುರುವಾಗಿತ್ತು. ಮುನೀಮರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಹಾಳೆ ತಿರುಗಿಸಿ ಹಿಂದೆ ನೋಡಿದರು. "ಕೋರ್ಟಿನ ಸಮನ್ಸ್ ಬಂದಂಗಾತ್ರಿ. ಯಾವ ತಾರೀಖಿಗೆ ಹಾಜರಾಗ್ಬೇಕು ಅಂತ ನೋಡ್ಲಿಕತ್ತೀನಿ."

ಕನ್ನಡದಲ್ಲಿ ಬರೆದ ಮಾತ್ರಕ್ಕೆ ಕನ್ನಡ ಆಗುವುದಿಲ್ಲ ಎಂದು ನಾನು ನನ್ನ ಮಕ್ಕಳಿಗೆ ಹೇಳುವುದುಂಟು. ಮಕ್ಕಳು ಅಂದರೆ ಕ್ಲಾಸಿನ ಹುಡುಗರು. ನನ್ನ ಹಾಳೆಯಲ್ಲೇ ಅದು ಆಗಿತ್ತು. ದತ್ತಸಂಚಯ, ಕ್ಷೇತ್ರ, ಮಾನದಂಡ. ಕ್ಷೇತ್ರ ಅಂದರೆ ಗಂಜ್‌ನಲ್ಲಿ ವಿಧಾನಸಭಾ ಕ್ಷೇತ್ರ, ಇಲ್ಲವೆ ಮಂತ್ರಾಲಯ. ಅವರ ಅಂಗಡಿಯಲ್ಲಿ ಈ ಮೂರಕ್ಕೂ ಮೊದಲಿನಿಂದ ಹೆಸರಿದೆ: ಪುಸ್ತಕ, ಖಾನೆ, ಚೀಟಿ. ಕ್ವಿಂಟಲ್, ರೇಟು, ಲಾಟು ಎಂಬ ಇಂಗ್ಲಿಷನ್ನೂ ಅವರು ಯಾವಾಗಲೋ ತಮ್ಮದು ಮಾಡಿಕೊಂಡಿದ್ದಾರೆ, ಅದರ ತಂಟೆಗೆ ಹೋಗಬೇಕಾಗಿಲ್ಲ. ಎಡವಿದ್ದು ಇಂಗ್ಲಿಷಿನಲ್ಲಲ್ಲ, ನಾನು ಹೊಸದಾಗಿ ಹೊಲಿಸಿ ತೊಡಿಸಲು ಹೋದ ಸಂಸ್ಕೃತದ ಅಂಗಿಯಲ್ಲಿ.

ಎರಡನೇ ಹಾಳೆ ಉದ್ದವಾಯಿತು. ಇಲ್ಲಿ ಒತ್ತಿ, ಅಲ್ಲಿ ಎಳೆಯಿರಿ, ಎಂಟರ್ ಹೊಡೆಯಿರಿ ಎಂದು 20 ಮೆಟ್ಟಿಲು. ಅದನ್ನು ಹಿಡಿದು ಕೂತಾಗ ಮುನೀಮರು ತಾವು ಏನು ಕೇಳಲು ಹೊರಟಿದ್ದೆವು ಎಂಬುದನ್ನೇ ಮರೆತರು. ಅದನ್ನು ಬಿಟ್ಟೆ.

ಮೂರನೆಯದು ಪ್ರಶ್ನೆಯಿಂದ ಶುರುವಾಯಿತು. "ಹನುಮಂತ ಏಪ್ರಿಲ್‌ನಾಗ ಎಷ್ಟು ಚೀಲ ಹಾಕ್ಯಾನ?" ಅದರ ಕೆಳಗೆ ಆರು ಸಾಲಿನ ಒಂದು ಪುಟ್ಟ ಪುಸ್ತಕ, ಪಕ್ಕದಲ್ಲಿ ಚೀಟಿ, ಚೀಟಿಯಿಂದ ಪುಸ್ತಕಕ್ಕೆ ಪೆನ್ಸಿಲ್ ಗೆರೆ. ಡಿಸಮ್ ಅಂದರೆ ಪುಸ್ತಕ ತೆಗಿ, ಚೀಟಿಯಲ್ಲಿದ್ದವರನ್ನು ಆರಿಸು, ಆ ಖಾನೆ ಕೂಡು. ಅಷ್ಟೇ. ಇದೊಂದು ತಿಳಿದರೆ ಉಳಿದ ಹನ್ನೊಂದೂ ತಿಳಿದ ಹಾಗೆ, ಕೊನೆಯ ಕೆಲಸ ಮಾತ್ರ ಬೇರೆ: ಕೂಡುವ ಬದಲು ಎಣಿಸು, ಅಥವಾ ಎಲ್ಲಕ್ಕಿಂತ ದೊಡ್ಡದು ಹುಡುಕು. ಹೆಲ್ಪ್ ಪುಟಗಳಲ್ಲಿ ಹನ್ನೆರಡಕ್ಕೂ ಹನ್ನೆರಡು ಪುಟ, ಪ್ರತಿಯೊಂದರಲ್ಲೂ ಅದೇ ಮೂರು ವಿವರಣೆ. ಚೀಟಿ ಬರೆಯುವುದನ್ನು ಒಂದು ಸಲ ನೆಟ್ಟಗೆ ಕಲಿಸಿದ್ದರೆ ಸಾಕಿತ್ತು.

ಈ ಹಾಳೆ ಗೆದ್ದಿತು. ಮುನೀಮರು ಅದನ್ನು ಲಕ್ಷ್ಮಿ ಫೋಟೋದ ಕೆಳಗೆ, ಕ್ಯಾಲೆಂಡರ್ ಪಕ್ಕ ಗೋಡೆಗೆ ಅಂಟಿಸಿದರು. ನಾನು ಅಂಗಡಿಗೆ ಹೋದಾಗೆಲ್ಲ ಕಣ್ಣಂಚಿನಿಂದ ಅದನ್ನು ನೋಡಿ ಖುಷಿಪಡುತ್ತಿದ್ದೆ. ಒಪ್ಪಿಕೊಳ್ಳಲು ನಾಚಿಕೆ ಏನಿಲ್ಲ.

ಮೇ ಕೊನೆಯಲ್ಲಿ ಹನುಮಂತ ಬಂದ. ಹೆಸರು ಬೇರೆ ಇತ್ತು, ಇಲ್ಲಿಗೆ ಹನುಮಂತ ಎಂದೇ ಇರಲಿ. ಭತ್ತದ ಲೆಕ್ಕ ಮುಗಿಸಿ, ಮುಂಗಡ ಕಳೆದು, ಉಳಿದ ದುಡ್ಡು ಒಯ್ಯಲು ಬಂದಿದ್ದ. ಮುನೀಮರು ಚೀಟಿಯಲ್ಲಿ ಹೆಸರು, ಊರು ಹೊಡೆದು ಮುಂಗಡದ ಖಾನೆ ಕೇಳಿದರು. ಹಳದಿ ಮನೆ 32,000 ಎಂದಿತು.

"ನಾ ತಗೊಂಡಿದ್ದು 20 ಸಾವಿರ ಐತಿ, ಮುನೀಮರ."

"ಕಂಪ್ಯೂಟರ್ 32 ಅನ್ಲಿಕತ್ತದಪ್ಪ."

ಆ ಮನುಷ್ಯ ಜಗಳ ಆಡಲಿಲ್ಲ. ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನ ಇನ್ನೊಂದು ಪ್ಲಾಸ್ಟಿಕ್ ಚೀಲ ಬಿಚ್ಚಿ, ನಾಲ್ಕು ಮಡಿಕೆಯ ಎರಡು ಕಾಗದ ಹೊರಗಿಟ್ಟ. 12 ಸಾವಿರ, 8 ಸಾವಿರ. ಎರಡರ ಮೇಲೂ ಮುನೀಮರದೇ ಸಹಿ. ಮುನೀಮರು ಮಾತಿಲ್ಲದೆ ಎದ್ದು ಕೆಂಪು ಪುಸ್ತಕ ಇಳಿಸಿದರು, ಖತಾವಣಿಯ ಪುಟ ತೆಗೆದರು. 20 ಸಾವಿರವೇ ಇತ್ತು. ಹಾಗಾದರೆ ಹೆಚ್ಚಿಗೆ ಬಂದ 12 ಸಾವಿರ ಯಾರದ್ದು? ಎರಡು ಪುಟ ಮುಂದೆ ಅದೇ ಊರಿನ ಹನುಮಂತರಾಯ ಇದ್ದ. ಅವನ ಮುಂಗಡ 12 ಸಾವಿರ.

ನನಗೆ ಫೋನ್ ಬಂತು. ಈ ಸಲ ದನಿಯಲ್ಲಿ ನಗೆ ಇರಲಿಲ್ಲ.

ನಮ್ಮ ಕಡೆ ಹನುಮಂತ ಅಂದರೆ ಒಬ್ಬನೇ ಅಲ್ಲ. ಹನುಮಂತ, ಹನುಮಂತಪ್ಪ, ಹನುಮಂತರಾಯ, ಹನುಮಂತಮ್ಮ. ಬಸವ ಅಂದರೆ ಬಸವರಾಜ, ಬಸವಲಿಂಗ, ಬಸವಂತ. ಊರಿಗೆ ಒಂದು ಗುಡಿ, ಗುಡಿಗೆ ಒಂದು ಹೆಸರು, ಆ ಹೆಸರಿಗೆ 40 ಮಂದಿ. ಎಕ್ಸೆಲ್‌ನ ಚೀಟಿಯಲ್ಲಿ ಬರೀ "ಹನುಮಂತ" ಎಂದು ಹೊಡೆದರೆ ಅದು "ಹನುಮಂತ ಎಂದು ಶುರುವಾಗುವ ಎಲ್ಲರೂ" ಎಂದು ಓದಿಕೊಳ್ಳುತ್ತದೆ. ಅವನೊಬ್ಬನೇ ಬೇಕಾದರೆ ="=ಹನುಮಂತ" ಎಂದು ಎರಡು ಸಮ ಚಿಹ್ನೆ ಹಾಕಿ, ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು.

ನಾನು ಇದನ್ನು ಹಾಳೆಯಲ್ಲಿ ಬರೆದಿರಲಿಲ್ಲ, ಯಾಕೆಂದರೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಯಾಕೆ ಎಂದು ಹುಡುಕಿದಾಗ ಇನ್ನೊಂದು ಪೆಟ್ಟು ಬಿತ್ತು. ಹಾಳೆಯ ಉದಾಹರಣೆಯನ್ನು ನಾನು ಕ್ಲಾಸಿನ ಲಿಬ್ರೆ ಆಫೀಸ್‌ನಲ್ಲಿ ಮಾಡಿ ನೋಡಿದ್ದೆ. ಅಲ್ಲಿ ಷರತ್ತು ಇಡೀ ಮನೆಗೆ ಕೂಡಬೇಕು ಎಂಬ ಸೆಟ್ಟಿಂಗ್ ಮೊದಲಿನಿಂದಲೇ ಹಾಕಿರುತ್ತದೆ. ಹನುಮಂತ ಎಂದರೆ ಹನುಮಂತ ಮಾತ್ರ. ನನ್ನ ಮಷೀನಿನಲ್ಲಿ ಸರಿ ಬಂತು, ಮುನೀಮರ ಮಷೀನಿನಲ್ಲಿ ಒಬ್ಬನ ಸಾಲ ಇನ್ನೊಬ್ಬನ ತಲೆಗೆ ಬಂತು. ಫಂಕ್ಷನ್ನಿನ ಹೆಸರು ಎರಡೂ ಕಡೆ ಡಿಸಮ್ಮೇ.

ಆ ರಾತ್ರಿ ಮೈಕ್ರೋಸಾಫ್ಟ್‌ನ ಸೇಬಿನ ತೋಟಕ್ಕೆ ಮತ್ತೆ ಹೋದೆ. ಉದಾಹರಣೆಯ ಚೀಟಿಯಲ್ಲಿ ಏನಿದೆ ನೋಡಿದರೆ, ಬರೀ ಆ್ಯಪಲ್ ಎಂದಿಲ್ಲ, ="=ಆ್ಯಪಲ್" ಎಂದೇ ಇದೆ! ಎರಡು ಸಮ ಚಿಹ್ನೆ, ಉದ್ಧರಣ ಚಿಹ್ನೆ, ಎಲ್ಲ ಸಮೇತ. ನಾನು ಎಷ್ಟೋ ಸಲ ಆ ಪುಟ ನೋಡಿದ್ದೆ, ಯಾವುದೋ ಕಂಪ್ಯೂಟರ್ ಶೃಂಗಾರ ಎಂದುಕೊಂಡು ದಾಟಿಹೋಗಿದ್ದೆ. ಅದೇ ಚೀಟಿಯಲ್ಲಿ ಎತ್ತರ ಎಂಬ ತಲೆಬರಹ ಎರಡು ಸಲ ಇದೆ, ಅದಕ್ಕೂ ಕಾರಣವಿದೆ. ಉದಾಹರಣೆಯಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಉದಾಹರಣೆ ನೋಡುವವನ ಕಣ್ಣು ಬೀಳುವ ಕಡೆ, ಇದನ್ನು ಹೀಗೇ ಯಾಕೆ ಬರೆದೆವು, ಹಾಗೆ ಬರೆಯದಿದ್ದರೆ ಏನಾಗುತ್ತದೆ ಎಂಬ ಒಂದು ಸಾಲಿಲ್ಲ. ಸರಿ ಇದ್ದೂ ಮೂಕವಾಗಿತ್ತು ಆ ಉದಾಹರಣೆ.

ಮುನೀಮರ ದೊಡ್ಡ ದೂರು ಏನೆಂದು ಅಲ್ಲಿ ತಿಳಿಯಿತು. ಸೇಬಿನ ಜಾಗದಲ್ಲಿ ಭತ್ತ ಹಾಕಿದ್ದರಿಂದ ನನ್ನ ಹಾಳೆ ಓದಲು ಹಿತವಾಯಿತೇ ಹೊರತು, ಮೂಕತನ ಹಾಗೇ ಉಳಿದಿತ್ತು. ನಾನೂ ಸರಿಯಾಗಿ ಹೋದಾಗ ಏನಾಗುತ್ತದೆ ಎಂಬುದನ್ನಷ್ಟೇ ಬರೆದಿದ್ದೆ.

ಎರರ್ ಬಂದರೆ ಭಯವಿಲ್ಲ. ಡಿಗೆಟ್ ಎಂಬುದು ಒಂದೇ ಒಂದು ಸಾಲು ಸಿಕ್ಕರೆ ಮಾತ್ರ ಉತ್ತರ ಕೊಡುತ್ತದೆ, ಎರಡು ಸಿಕ್ಕರೆ ಎಕ್ಸೆಲ್‌ನಲ್ಲಿ ಎರರ್ ಬಡಿಯುತ್ತದೆ, ಲಿಬ್ರೆ ಆಫೀಸ್‌ನಲ್ಲಿ ಎರರ್ 502 ಎನ್ನುತ್ತದೆ. ಅರ್ಥವಾಗದಿದ್ದರೂ ಏನೋ ಕೆಟ್ಟಿದೆ ಎಂದಾದರೂ ಗೊತ್ತಾಗುತ್ತದೆ, ಮುನೀಮರು ಫೋನ್ ಮಾಡುತ್ತಾರೆ. 4,318 ಕೂಡ ಒಂದು ಥರದ ಕೂಗೇ. ಅಷ್ಟು ದೊಡ್ಡ ಸುಳ್ಳು ಅಂಗಡಿಯ ಅಂದಾಜಿಗೆ ದಕ್ಕುವುದಿಲ್ಲ. ಭಯ ಇರುವುದು 32,000ದಂಥ ಸಂಖ್ಯೆಗಳದ್ದು. ನಂಬುವಷ್ಟು ಸಣ್ಣದು, ಮನೆ ಮುರಿಯುವಷ್ಟು ದೊಡ್ಡದು.

ಹಾಗಾಗಿ ನಾಲ್ಕನೇ ಹಾಳೆ. ಇದರ ತಲೆಬರಹವನ್ನು ಮುನೀಮರೇ ಹೇಳಿದರು: "ಬಾಯಿ ಬಿಡದ ತಪ್ಪುಗೋಳು".

ಮೊದಲಿಗೆ ಹನುಮಂತ. ಆಮೇಲೆ ಖಾಲಿ ಸಾಲು. ಆಮೇಲೆ "40 ಚೀಲ". ಅಂಗಡಿಯ ಹುಡುಗ ಚೀಲದ ಖಾನೆಯಲ್ಲಿ ಕೆಲವು ಕಡೆ ಬರೀ 40 ಎಂದೂ, ಕೆಲವು ಕಡೆ 40 ಚೀಲ ಎಂದೂ ಹೊಡೆದಿದ್ದ. ಮನುಷ್ಯನಿಗೆ ಎರಡೂ ಒಂದೇ. ಎಕ್ಸೆಲ್‌ಗೆ ಎರಡನೆಯದು ಸಂಖ್ಯೆಯೇ ಅಲ್ಲ, ಅಕ್ಷರ. ಡಿಸಮ್ ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಡಿಕೌಂಟ್ ಕೂಡ ಸಂಖ್ಯೆ ಇದ್ದ ಮನೆಗಳನ್ನಷ್ಟೇ ಎಣಿಸುತ್ತದೆ, ಹೆಸರಿನ ಖಾನೆ ಕೊಟ್ಟು ಎಷ್ಟು ಮಂದಿ ಎಂದು ಕೇಳಿದರೆ ಸೊನ್ನೆ ಅನ್ನುತ್ತದೆ. ಹೆಸರು ಎಣಿಸಲು ಡಿಕೌಂಟ್‌ಎ ಬೇಕು. ಬಾಲದಲ್ಲಿ ಒಂದು ಎ, ಅಷ್ಟೇ ವ್ಯತ್ಯಾಸ.

ಇದಕ್ಕೆ ಮುನೀಮರಿಗೆ ಒಂದು ಉಪಾಯ ಹೇಳಿಕೊಟ್ಟೆ, ಅದು ಅವರಿಗೆ ಇಡೀ ಹಾಳೆಗಿಂತ ಹಿಡಿಸಿತು. ನೀವು ಎಡ-ಬಲ ಬದಲಿಸದೆ ಬಿಟ್ಟಿದ್ದರೆ, ಮನೆಯೊಳಗಿನ ಸಂಖ್ಯೆ ಬಲಕ್ಕೆ ಒರಗಿರುತ್ತದೆ, ಅಕ್ಷರ ಎಡಕ್ಕೆ. ಚೀಲದ ಖಾನೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ, ಎಡಕ್ಕೆ ಒರಗಿದ್ದು ಯಾವುದು ನೋಡಿ. ಅವರು ಆವತ್ತೇ ಕೂತು 11 ಹಿಡಿದರು. "ಕುಡದವ್ರು ನಿಂತಂಗ ಎದ್ದು ಕಾಣ್ತಾವ್ರಿ" ಎಂದರು.

ತಾರೀಖಿನದು ದೊಡ್ಡ ಗೋಳು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆ ವಾರ ಗಂಜ್‌ನಲ್ಲಿ ಬೇರೆ ಮಾತೇ ಇರಲಿಲ್ಲ. ಎಡದಂಡೆ ಕಾಲುವೆಯ ನೀರು ಕೊಪ್ಪಳ ಜಿಲ್ಲೆ ದಾಟಿ ರಾಯಚೂರಿನ ಕಡೆಗೆ ಬರುವಷ್ಟರಲ್ಲಿ ಒಳ್ಳೆಯ ವರ್ಷದಲ್ಲೂ ಕಾಲುವೆಯ ಬಾಲದಲ್ಲಿರುವ ರೈತರ ಬಾಯಿ ಒಣಗಿರುತ್ತದೆ. ಸಾಹುಕಾರರು ಕೇಳಿದರು: ಹೋದ ಸಲ ಏಪ್ರಿಲ್ ಒಂದರಿಂದ ಮೂವತ್ತರವರೆಗೆ ಎಷ್ಟು ಭತ್ತ ಬಂದಿತ್ತು, ಈ ಸಲ ಎಷ್ಟು ಕಮ್ಮಿ ಬರಬಹುದು? ಸೇಬಿನ ತೋಟದಲ್ಲಿ ಎತ್ತರ ಎರಡು ಸಲ ಯಾಕಿತ್ತು ಎಂಬುದು ಇಲ್ಲಿ ಕೆಲಸಕ್ಕೆ ಬಂತು. "ಇಲ್ಲಿಂದ" ಮತ್ತು "ಇಲ್ಲಿವರೆಗೆ" ಎರಡೂ ಹೇಳಬೇಕಾದರೆ ಚೀಟಿಯಲ್ಲಿ ತಾರೀಖು ಎಂಬ ತಲೆಬರಹ ಅಕ್ಕಪಕ್ಕ ಎರಡು ಸಲ ಬರೆದು, ಒಂದರ ಕೆಳಗೆ >= ಚಿಹ್ನೆಯ ಜೊತೆ ಮೊದಲ ದಿನ, ಇನ್ನೊಂದರ ಕೆಳಗೆ <= ಚಿಹ್ನೆಯ ಜೊತೆ ಕೊನೇ ದಿನ ಹಾಕಬೇಕು. ಮೇಲೆ ಕೆಳಗೆ ಬರೆದರೆ ಇದಾದರೂ ಸರಿ ಅದಾದರೂ ಸರಿ ಆಗಿ ಇಡೀ ಪುಸ್ತಕವೇ ಬಂದುಬಿಡುತ್ತದೆ.

ಅಷ್ಟು ಮಾಡಿದರೂ ಲೆಕ್ಕ ಕೂಡಲಿಲ್ಲ. ನೋಡಿದರೆ ಆ ಕಂಪ್ಯೂಟರಿನಲ್ಲಿ ತಾರೀಖು ಅಮೆರಿಕದ ರೀತಿಯಲ್ಲಿತ್ತು, ತಿಂಗಳು ಮೊದಲು, ದಿನ ಆಮೇಲೆ. ಹುಡುಗ 03/04 ಎಂದು ಏಪ್ರಿಲ್ ಮೂರು ಹೊಡೆದರೆ ಅದು ಮಾರ್ಚ್ ನಾಲ್ಕು ಎಂದು ನುಂಗಿತ್ತು. 13/04 ಹೊಡೆದರೆ ಹದಿಮೂರನೇ ತಿಂಗಳು ಎಲ್ಲಿಯದು, ಅದನ್ನು ಅಕ್ಷರ ಎಂದು ಪಕ್ಕಕ್ಕೆ ತಳ್ಳಿತ್ತು. ಅಂದರೆ ಪ್ರತಿ ತಿಂಗಳೂ 12ರವರೆಗಿನ ತಾರೀಖು ಅದಲುಬದಲು, ಆಮೇಲಿನವು ಲೆಕ್ಕಕ್ಕೇ ಇಲ್ಲ. 04/04ರಂಥ ಒಂದೇ ದಿನ ಮಾತ್ರ ಪುಣ್ಯಕ್ಕೆ ಸರಿ! ಎಡಕ್ಕೆ ಒರಗಿದವರನ್ನು ನೋಡಿ ಮುನೀಮರೇ ಇದನ್ನು ಹಿಡಿದರು, ನಾನಲ್ಲ.

ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ 1294ರ ಶಾಸನ. ನಾನು ಚಿಕ್ಕವಳಿದ್ದಾಗಿನಿಂದ ನೋಡುತ್ತ ಬಂದಿದ್ದೇನೆ. ನನಗೆ ಶಾಸನಕ್ಕಿಂತ ಅದರ ಹತ್ತಿರ ಗೋಡೆಯ ಮೇಲೆ ಗೀರಿದ ಚಿತ್ರವೇ ಇಷ್ಟ: ಆ ಕಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲುಗಟ್ಟಿ ಕೋಣ ಹೂಡಿ, ಹೊಡೆಯುವವರು ಗದರಿಸುತ್ತ ಎಳೆತರುವ ಚಿತ್ರ. ಶಾಸನ ಓದಲು ಪಂಡಿತರು ಬೇಕು. ಕಲ್ಲು ಹೇಗೆ ಬಂತು ಎಂಬುದಕ್ಕೆ ಯಾರೂ ಬೇಡ. ನಾಲ್ಕನೇ ಹಾಳೆಯಲ್ಲಿ ನಾನು ಚೀಟಿಯ ಚಿತ್ರ ಎರಡೆರಡು ಬರೆದೆ, ಒಂದು ಸರಿಯಾದದ್ದು, ಒಂದು ತಪ್ಪಿದ್ದು, ತಪ್ಪಿದ್ದರ ಕೆಳಗೆ ಅದು ಕೊಡುವ ಸುಳ್ಳು ಸಂಖ್ಯೆ. ಹನುಮಂತ: 20,000. ಎಲ್ಲಾ ಹನುಮಂತರು: 32,000. ಇದಕ್ಕೆ ವಿವರಣೆಯೇ ಬೇಕಾಗಲಿಲ್ಲ. ಮುನೀಮರು ಪೆನ್ನು ತೆಗೆದು 32,000ದ ಪಕ್ಕ "ಪಾಪ" ಎಂದು ಬರೆದರು. ಅದನ್ನು ಹಾಗೇ ಬಿಟ್ಟಿದ್ದೇನೆ.

ಇನ್ನೊಂದು ಮಾತು ಹಾಳೆಯ ನೆತ್ತಿಯ ಮೇಲೆ ಸೇರಿಸಿದ್ದೇನೆ, ಕೆಂಪು ಮಸಿಯಲ್ಲಿ: "ಈ ಅಂಗಡಿಯ ಎಕ್ಸೆಲ್‌ನಲ್ಲಿ ಮಾಡಿ ನೋಡಿ ಬರೆದದ್ದು." ಅಂಗಡಿಗೆ ಹೋಗಿ, ಅವರ ಕುರ್ಚಿಯಲ್ಲಿ ಕೂತು, ಅವರ ಹಾಳೆಯಲ್ಲೇ ಒಂದೊಂದು ಸಾಲೂ ಮಾಡಿ ನೋಡಿದೆ. ಎರಡು ಮಧ್ಯಾಹ್ನ ಹಿಡಿಯಿತು, ಫ್ಯಾನ್ ಬೇರೆ ಇರಲಿಲ್ಲ.

ಹೋದ ತಿಂಗಳು ಅಂಗಡಿಗೆ ಮಾನ್ವಿ ಕಡೆಯ ಒಬ್ಬ ಹೊಸ ಹುಡುಗ ಸೇರಿದ. ಬಿ.ಕಾಂ. ಮುಗಿಸಿದ್ದಾನೆ, ಕೈ ಚುರುಕು. ಮುನೀಮರು ಅವನನ್ನು ಗೋಡೆಯ ಮುಂದೆ ನಿಲ್ಲಿಸಿ ಹಾಳೆ ಓದಲು ಹೇಳಿದರಂತೆ. ಅವನು ಅರ್ಧ ಓದಿ, ಇದೆಲ್ಲ ಯಾಕ್ರಿ ಕಾಕಾ ಎಂದು ಕೂತು, ಸಮ್‌ಇಫ್ಸ್ ಹಾಕಿ, ಹನುಮಂತ ಎಂದು ಹೊಡೆದು ಎಂಟರ್ ಒತ್ತಿದ. 20,000. ಹೆಸರಿನ ಮುಂದೆ ಸಮ ಚಿಹ್ನೆ ಹಾಕುವ ಗೋಜೇ ಇಲ್ಲ. ಸಮ್‌ಇಫ್ಸ್ ಇಡೀ ಹೆಸರು ಕೂಡಿದರೆ ಮಾತ್ರ ತೆಗೆದುಕೊಳ್ಳುತ್ತದೆ, ಅದರ ಗುಣವೇ ಹಾಗೆ.

ನನಗೆ ಫೋನ್ ಬಂತು.

"ಅಕ್ಕೋರ, ಎರಡಕ್ಕೂ ಹನುಮಂತ ಅಂತನೇ ಹೇಳೀವಿ. ಒಂದು ಅಂವ ಒಬ್ಬನ್ನೇ ಕರೀತದ, ಇನ್ನೊಂದು ಮನಿಮಂದೀನೆಲ್ಲ ಕರ್ಕೊಂಡು ಬರ್ತದ. ಒಂದೇ ಎಕ್ಸೆಲ್, ಒಂದೇ ಕಂಪನಿ. ಯಾಕ್ರಿ ಹಂಗ?"

ಹಳೇದು ಹೊಸದು ಎಂದು ಏನೋ ಹೇಳಲು ಹೋದೆ.

"ಅದೆಲ್ಲ ಇರ್ಲಿ. ಹುಡುಗ ಅದನ್ನೇ ಹಾಕ್ತೀನಿ ಅನ್ಲಿಕತ್ತಾನ. ಹಾಕ್ಲಿ. ಆದ್ರ ಅದೂ ಎಲ್ಲೆಲ್ಲಿ ಬಾಯಿ ಬಿಡಂಗಿಲ್ಲ ಅಂತ ಒಂದು ಹಾಳಿ ಬರ್ದು ಕೊಡ್ರಿ. ಗ್ವಾಡಿ ಮ್ಯಾಲ ಜಾಗ ಅದ."

ಅದನ್ನೇ ಬರೆಯುತ್ತ ಕೂತಿದ್ದೇನೆ. ಮೊದಲ ಸಾಲಿಗೆ ಸಾಹುಕಾರರ ಹೊಸ ಪ್ರಶ್ನೆ ಬೇಕು, ನಾಳೆ ಗಂಜ್‌ಗೆ ಹೋಗಿ ಕೇಳಬೇಕು.